ಎನ್‌ಬಿಎ ಟ್ರಿವಿಯಾ ಡಬ್ಬಿ: ಪ್ರಶ್ನೆಗಳು ರುಚಿಯಾಗಿವೆ, ಕೆಲವು ಉತ್ತರ ಹಳಸಿವೆ

"ಎನ್‌ಬಿಎಯ ಮೊದಲ ಕಪ್ಪು ಆಟಗಾರ ಯಾರು?"

ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ಅದರ ಟ್ರಿವಿಯಾ (ರಸಪ್ರಶ್ನೆ) ಡಬ್ಬಿಯಿಂದ ಈ ಕಾರ್ಡ್ ಕೈಗೆ ಬಂದಾಗ ರಾತ್ರಿ ಒಂಬತ್ತೂವರೆ. ಹತ್ತೂಕಾಲಾದರೂ ನಾವು ಅದೇ ಕಾರ್ಡ್ ಹಿಡಿದು ಕೂತಿದ್ದೆವು. ಭಾವ ಚಕ್ ಕೂಪರ್ ಅಂದರು. ದಾವಣಗೆರೆ ಗೆಳೆಯ "ಇಲ್ಲ ಸಾರ್, ಸ್ವೀಟ್‌ವಾಟರ್ ಕ್ಲಿಫ್ಟನ್" ಅಂದ. ಕಾರ್ಡ್ ತಿರುಗಿಸಿದರೆ ಅರ್ಲ್ ಲಾಯ್ಡ್ ಅಂತಿದೆ. ಮಜಾ ಏನು ಅಂದ್ರೆ ಮೂವರೂ ಸರಿ. 1950ರಲ್ಲಿ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳೋ ಪದ್ಧತಿ) ಆಯ್ಕೆಯಾದ ಮೊದಲ ಕಪ್ಪು ಆಟಗಾರ ಕೂಪರ್, ಆರಿಸಿದ್ದು ಬೋಸ್ಟನ್ ಸೆಲ್ಟಿಕ್ಸ್. ಅದೇ ವರ್ಷ ನ್ಯೂಯಾರ್ಕ್ ನಿಕ್ಸ್ ಕ್ಲಿಫ್ಟನ್ ಅವರ ಸಹಿ ಹಾಕಿಸಿಕೊಂಡಿತು, ಸಹಿ ಹಾಕಿ ಮುಂದೆ ಆಡಿದವರಲ್ಲಿ ಅವರೇ ಮೊದಲು. ಆದರೆ ಅಂಗಳಕ್ಕೆ ಮೊದಲು ಕಾಲಿಟ್ಟಿದ್ದು ಲಾಯ್ಡ್. ಅವರ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ ಅಕ್ಟೋಬರ್ 31ಕ್ಕೇ ಪಂದ್ಯ ಬಿದ್ದಿತ್ತು, ಕೂಪರ್‌ಗೆ ಮರುದಿನ. ವೇಳಾಪಟ್ಟಿ ಬರೆದವನು ಒಂದು ದಿನ ಆಚೀಚೆ ಮಾಡಿದ್ದರೆ ಕಾರ್ಡಿನ ಹಿಂದೆ ಬೇರೆ ಹೆಸರು ಇರುತ್ತಿತ್ತು.

ಪ್ರಶ್ನೆಯಲ್ಲಿ "ಆಡಿದ" ಅನ್ನೋ ಒಂದೇ ಒಂದು ಪದ ಸೇರಿಸಿದ್ದರೆ ನಮ್ಮ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಅಥವಾ ಹಾಳಾಗುತ್ತಿತ್ತು. ಆ ಮುಕ್ಕಾಲು ಗಂಟೆಯೇ ಅವತ್ತು ಸಂಜೆಯ ಅತಿ ಒಳ್ಳೆ ಭಾಗ ಅಂತ ಈಗ ಅನಿಸುತ್ತಿದೆ.

ಸರಿ, ಡಬ್ಬಿ ಬಗ್ಗೆ ಹೇಳುತ್ತೇನೆ. ನಾವಿರೋದು ಫ್ರೀಮಾಂಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಜಾಗ. ಶನಿವಾರ ಸಂಜೆ ಅಕ್ಕ ಭಾವನ ಮನೆಯಲ್ಲಿ ಸೇರೋದು ರೂಢಿ. ಇಲ್ಲಿಯ ಎನ್‌ಬಿಎ ತಂಡ ವಾರಿಯರ್ಸ್ ಪಂದ್ಯ ಇದ್ದರೆ ಪಂದ್ಯ, ಇಲ್ಲದಿದ್ದರೆ ಸುಮ್ನೆ ಹರಟೆ. ಸೀಸನ್ ಮುಗಿದ ಮೇಲೆ ಹರಟೆಯೂ ಖಾಲಿಯಾಗಿ ಎಲ್ಲರೂ ಫೋನ್ ಹಿಡಿದು ಕೂರೋಕೆ ಶುರು ಮಾಡಿದಾಗ ನಾನು ಆನ್‌ಲೈನಲ್ಲಿ ಈ ಬಾಸ್ಕೆಟ್‌ಬಾಲ್ ಇತಿಹಾಸದ ಟ್ರಿವಿಯಾ ಡಬ್ಬಿ ತರಿಸಿದೆ. 28 ಡಾಲರ್ ಚಿಲ್ಲರೆ. ತಯಾರಕರ ಹೆಸರು ಬರೆಯುತ್ತಿಲ್ಲ. ಇಂಥ ಡಬ್ಬಿಗಳು ಹತ್ತಾರು ಸಿಗುತ್ತವೆ, ಎಲ್ಲದರ ಜಾತಕವೂ ಹೆಚ್ಚುಕಮ್ಮಿ ಇದೇ ಅಂತ ನನ್ನ ಅಂದಾಜು.

ಒಳಗೆ 300 ಕಾರ್ಡ್, ಒಂದು ಮರಳಿನ ಗಡಿಯಾರ, ಅಂಕ ಬರೆಯೋಕೆ ಒಂದು ಸಣ್ಣ ಪುಸ್ತಕ. ಹಳದಿ ಕಾರ್ಡ್ ಅಂದ್ರೆ ಫ್ರೀ ಥ್ರೋ (ಎದುರಾಳಿ ತಪ್ಪು ಮಾಡಿದಾಗ ಯಾರೂ ಅಡ್ಡ ಬರದೆ ಎಸೆಯೋದು), ಸುಲಭ, 1 ಪಾಯಿಂಟ್. ನೀಲಿಗೆ 2. ಕಪ್ಪು ಕಾರ್ಡ್ ತ್ರೀ ಪಾಯಿಂಟರ್ (ದೂರದ ಗೆರೆ ಆಚೆಯಿಂದ ಎಸೆದು ಹಾಕೋದು, 3 ಪಾಯಿಂಟ್), ತಲೆ ಕೆರೆದುಕೊಳ್ಳಬೇಕು. ಒಬ್ಬರಿಗೆ ಗೊತ್ತಾಗದಿದ್ದರೆ ಎದುರು ತಂಡ "ಸ್ಟೀಲ್" ಅಂತ ಕೂಗಿ ಉತ್ತರ ಹೇಳಬಹುದು. ಈ ಲೆಕ್ಕಾಚಾರ ನನಗೆ ತುಂಬಾ ಹಿಡಿಸಿತು. ಪಂದ್ಯ ಆಡಿದ ಹಾಗೇ ಆಗುತ್ತದೆ, ಹಿಂದೆ ಬಿದ್ದವರು ಕೊನೆಯಲ್ಲಿ ಬರೀ ಕಪ್ಪು ಕಾರ್ಡೇ ಕೇಳುತ್ತಾರೆ.

ಕಾಗದ ಮಾತ್ರ ತೀರಾ ತೆಳು. ಅಕ್ಕನ ಮಗ, ಹದಿನೈದು ವರ್ಷ, ಬರೋಬ್ಬರಿ ಐದು ಪ್ರಶ್ನೆಗೆ ಸಾಲಾಗಿ ಸರಿ ಉತ್ತರ ಹೇಳಿದಾಗ ನಮಗೆಲ್ಲ ಹೆಮ್ಮೆ. ಆರನೆಯದಕ್ಕೆ ಅಕ್ಕನಿಗೆ ಅನುಮಾನ ಬಂತು. ನೋಡಿದರೆ ಅವನು ಕೂತಿದ್ದು ದೀಪದ ಎದುರು. ಪ್ರಶ್ನೆ ಓದುವವರು ಕಾರ್ಡ್ ಎತ್ತಿ ಹಿಡಿದರೆ ಬೆಳಕಿಗೆ ಹಿಂದಿನ ಅಕ್ಷರ ಹಾಗೇ ಮೂಡಿ ಕಾಣುತ್ತಿತ್ತು, ಆಸಾಮಿ ಅದನ್ನು ಆರಾಮಾಗಿ ಓದುತ್ತಿದ್ದ! "ಮಾಮ, ನಾನು ಕಾಪಿ ಹೊಡೀಲಿಲ್ಲ, ಅದಾಗೇ ಕಾಣ್ತಿತ್ತು" ಅಂದ. ಆಮೇಲೆ ಅವನ ಜಾಗ ಬದಲಾಯಿಸಿದೆವು. ನೀವು ಕೊಂಡರೆ ದೀಪ ಎಲ್ಲಿದೆ ಅಂತ ನೋಡಿಕೊಂಡು ಕೂತುಕೊಳ್ಳಿ.

ಮರಳಿನ ಗಡಿಯಾರದ ಕತೆ ಇನ್ನೊಂದು. ಮೇಲೆ 30 ಸೆಕೆಂಡ್ ಅಂತ ಅಚ್ಚು ಹಾಕಿದ್ದಾರೆ. ನಮ್ಮ ದಾವಣಗೆರೆಯವನು ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವನು, ಕೆಲಸದ ಚಟ ಬಿಡಬೇಕಲ್ಲ, ಫೋನ್ ಇಟ್ಟು ಅಳೆದ. ಮೊದಲ ಸಲ 41, ಎರಡನೇ ಸಲ 38. ಅದನ್ನು ಡಬ್ಬಿಗೆ ಹಾಕಿ ಫೋನಲ್ಲೇ 24 ಸೆಕೆಂಡ್ ಇಟ್ಟುಕೊಂಡೆವು. ಯಾಕೆ 24 ಅಂತ ಅಕ್ಕ ಕೇಳಿದಳು. ಕಾಕತಾಳೀಯ ನೋಡಿ, ಅದಕ್ಕೂ ಡಬ್ಬಿಯಲ್ಲೊಂದು ಕಾರ್ಡ್ ಇತ್ತು. ಬರೀ "ಶಾಟ್ ಕ್ಲಾಕ್ ಬಂದ ವರ್ಷ ಯಾವುದು? 1954" ಅಂತ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಅಂತ ಎಣಿಸೋ ಗಡಿಯಾರ ಅದು.

ಇಲ್ಲೇ ನನಗೆ ಬೇಜಾರಾಗೋದು. ಆ ವರ್ಷದ ಹಿಂದೆ ಎಂಥ ಕತೆ ಇದೆ ಗೊತ್ತಾ? ಅದಕ್ಕೂ ಮೊದಲು ಮುಂದಿದ್ದ ತಂಡ ಚೆಂಡನ್ನು ಬಚ್ಚಿಟ್ಟುಕೊಂಡ ಹಾಗೆ ಹಿಡಿದು ನಿಲ್ಲುತ್ತಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ಇಡೀ ಪಂದ್ಯಕ್ಕೆ! ಈಗ ಒಂದು ಕ್ವಾರ್ಟರ್‌ನಲ್ಲಿ ಒಬ್ಬನೇ ಅಷ್ಟು ಹೊಡೀತಾನೆ. ದುಡ್ಡು ಕೊಟ್ಟು ಬಂದ ಜನ ಎಷ್ಟು ದಿನ ಸಹಿಸುತ್ತಾರೆ? ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. ನೋಡೋಕೆ ಚೆನ್ನಾಗಿರೋ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಪಂದ್ಯ 48 ನಿಮಿಷ, ಅಂದರೆ 2880 ಸೆಕೆಂಡ್. ಅದನ್ನು 120ರಿಂದ ಭಾಗಿಸಿ. 24. ಮುಗೀತು. ಮೂರನೇ ಕ್ಲಾಸಿನ ಭಾಗಾಕಾರ ಒಂದು ಇಡೀ ಆಟವನ್ನು ಉಳಿಸಿತು. ಪ್ರಶ್ನೆ ಕೇಳಬೇಕಾದ್ದು "24 ಎಲ್ಲಿಂದ ಬಂತು?" ಅಂತ ಅಲ್ವಾ? ವರ್ಷ ಕೇಳಿದರೆ ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಸುಮ್ಮನಾಗುತ್ತಾನೆ. ಹೇಗೆ ಬಂತು ಅಂತ ಕೇಳಿದರೆ ಗೊತ್ತಿಲ್ಲದವನೂ ಯೋಚನೆ ಮಾಡುತ್ತಾನೆ.

ನಾವು ಚಂದನದಲ್ಲಿ 'ಥಟ್ ಅಂತ ಹೇಳಿ' ನೋಡಿ ಬೆಳೆದವರು. ಸೋಮೇಶ್ವರ ಸರ್ ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಅದರ ಹಿಂದಿನ ವಿಷಯ ವಿವರಿಸಿ, ಸರಿ ಹೇಳಿದವರ ಕೈಗೆ ಪುಸ್ತಕ ಕೊಡುತ್ತಿದ್ದರಲ್ಲ, ಆ ವಿವರಣೆಗೋಸ್ಕರವೇ ಅಪ್ಪ ಟಿವಿ ಹಾಕುತ್ತಿದ್ದರು. ಈ ಡಬ್ಬಿಯಲ್ಲಿ ಇಲ್ಲದೇ ಇರೋದು ಅದೇ. ಕಾರ್ಡಿನ ಹಿಂದೆ ಅರ್ಧ ಜಾಗ ಖಾಲಿ ಬಿಟ್ಟಿದ್ದಾರೆ, ಅಲ್ಲೊಂದು ಎರಡು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆದರೂ ಕೆಲವು ಕಾರ್ಡ್ ಎಂಥ ಚೆನ್ನಾಗಿವೆ ಅಂದರೆ ಮೇಲಿನದ್ದೆಲ್ಲ ಕ್ಷಮಿಸಿಬಿಡಬಹುದು. ಒಂದು ಕಪ್ಪು ಕಾರ್ಡ್: "ವಿಲ್ಟ್ ಚೇಂಬರ್‌ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದಾಗ ಯಾವ ತಂಡದಲ್ಲಿದ್ದರು?" ಭಾವ ಹೇಳಿದ್ದು ಲೇಕರ್ಸ್. ಗೆಳೆಯ ಸೆವೆಂಟಿಸಿಕ್ಸರ್ಸ್ ಅಂದ, ಯಾಕಂದ್ರೆ ಆಡಿದ್ದು ಫಿಲಡೆಲ್ಫಿಯಾ ತಂಡಕ್ಕೆ ಅಂತ ಅವನಿಗೆ ಗೊತ್ತಿತ್ತು, ಈಗ ಆ ಊರಿನ ತಂಡ ಸೆವೆಂಟಿಸಿಕ್ಸರ್ಸೇ. ಅಕ್ಕನ ಮಗ ನೀಲಿ ಹಳದಿ ವಾರಿಯರ್ಸ್ ಶರ್ಟ್ ಹಾಕಿಕೊಂಡು ಕೂತು "ಪಾಸ್" ಅಂದ. ಉತ್ತರ: ವಾರಿಯರ್ಸ್! ಫಿಲಡೆಲ್ಫಿಯಾ ವಾರಿಯರ್ಸ್. 1962ರ ಮಾರ್ಚ್ 2ರಂದು ಆ ಪಂದ್ಯ ನಡೆಯಿತು, ಅದೇ ವರ್ಷ ತಂಡ ಗಂಟುಮೂಟೆ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಹುಡುಗ ತನ್ನ ಎದೆ ಮೇಲಿನ ಹೆಸರನ್ನೇ ಬಗ್ಗಿ ನೋಡಿಕೊಂಡ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ಇಂಥ ಪ್ರಶ್ನೆ ಬೇಕು. ಉತ್ತರ ನಮ್ಮ ಮೂಗಿನ ಕೆಳಗೇ ಇರಬೇಕು, ಆದರೂ ಕಾಣಬಾರದು.

ಆ ಪಂದ್ಯದ ಸುತ್ತ ಇನ್ನೂ ನಾಲ್ಕು ಕಾರ್ಡ್ ಇವೆ, ನಾಲ್ಕೂ ಒಳ್ಳೆಯವು. ಎಲ್ಲಿ ನಡೆಯಿತು? ಪೆನ್ಸಿಲ್ವೇನಿಯಾದ ಹರ್ಷಿ ಅನ್ನೋ ಚಾಕೊಲೇಟ್ ಊರಲ್ಲಿ. ಎಷ್ಟು ಜನ ನೋಡಿದರು? 4,124. ವಿಡಿಯೋ ಇದೆಯಾ? ಇಲ್ಲ. ಎಲ್ಲರ ನೆನಪಲ್ಲಿ ಉಳಿದಿರೋದು ಒಂದು ಫೋಟೋ, ಅದರಲ್ಲಿ ವಿಲ್ಟ್ 100 ಅಂತ ಗೀಚಿದ ಬಿಳಿ ಕಾಗದ ಹಿಡಿದುಕೊಂಡು ಕೂತಿದ್ದಾರೆ. ನಾಲ್ಕನೆಯದು ನನಗೆ ಬಹಳ ಇಷ್ಟವಾದದ್ದು: ಆ ರಾತ್ರಿ ಅವರು ಫ್ರೀ ಥ್ರೋ ಹೇಗೆ ಎಸೆದರು? ಕೆಳಗಿನಿಂದ, ಎರಡೂ ಕೈಯಲ್ಲಿ, ಬಾವಿಯಿಂದ ಸೇದಿದ ಕೊಡ ಎತ್ತುವ ಹಾಗೆ. ಫ್ರೀ ಥ್ರೋ ಅಂದರೆ ಅವರಿಗೆ ಯಾವತ್ತೂ ಕಷ್ಟವೇ, ಅವತ್ತು ಮಾತ್ರ 32ರಲ್ಲಿ 28 ಹಾಕಿದರು. ಆಮೇಲೆ ನಾಚಿಕೆಯಾಗಿ ಆ ಶೈಲಿ ಬಿಟ್ಟೇಬಿಟ್ಟರು. ನಾಚಿಕೆ ಬಿಟ್ಟವರು ರಿಕ್ ಬ್ಯಾರಿ, ಜೀವನಪೂರ್ತಿ ಹಾಗೇ ಎಸೆದು ನೂರಕ್ಕೆ ಹತ್ತಿರ ಹತ್ತಿರ ತೊಂಬತ್ತು ಹಾಕುತ್ತಿದ್ದರು. ಅವರೂ ವಾರಿಯರ್ಸ್! 1975ರಲ್ಲಿ ವಾಷಿಂಗ್ಟನ್ ಬುಲೆಟ್ಸ್ ವಿರುದ್ಧ 4-0 ಗೆದ್ದು ಕಪ್ ತಂದುಕೊಟ್ಟವರು. ಆ ಫೈನಲ್ಸ್‌ನಲ್ಲಿ ವಾರಿಯರ್ಸ್‌ಗೆ ತಮ್ಮದೇ ಓಕ್ಲೆಂಡ್ ಅಂಗಳ ಸಿಗಲಿಲ್ಲ, ಬೇರೆ ಕಾರ್ಯಕ್ರಮಕ್ಕೆ ಬುಕ್ ಆಗಿತ್ತಂತೆ, ಹಾಗಾಗಿ ಡೇಲಿ ಸಿಟಿಯ ಕೌ ಪ್ಯಾಲೇಸ್‌ನಲ್ಲಿ ಆಡಿದರು. ಫೈನಲ್ಸ್‌ಗೆ ಬರ್ತಾರೆ ಅಂತ ಮನೆಯವರಿಗೇ ನಂಬಿಕೆ ಇರಲಿಲ್ಲ ಅನ್ನಿ. ಭಾವ ಮೊದಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಗ ಎರಡು ವರ್ಷ ಅದರ ಪಕ್ಕದಲ್ಲೇ ಕೆಲಸಕ್ಕೆ ಹೋಗುತ್ತಿದ್ದರು, ಅದು ದನದ ಜಾತ್ರೆ ಮಾಡೋ ಜಾಗ ಅಂದುಕೊಂಡಿದ್ದರಂತೆ.

ಅಕ್ಕನ ಬಗ್ಗೆ ಹೇಳಲೇಬೇಕು. ಅವಳು ಬಾಸ್ಕೆಟ್‌ಬಾಲ್ ನೋಡುವವಳಲ್ಲ. ಅಂಕ ಬರೆಯೋಕೆ ಅಂತ ಕೂತಿದ್ದಳು, ಮಂಡಕ್ಕಿ ಕಲಸುತ್ತಾ. "ಯೂಟಾ ಜಾಝ್ ತಂಡಕ್ಕೆ ಆ ಹೆಸರು ಹೇಗೆ ಬಂತು?" ಅನ್ನೋ ನೀಲಿ ಕಾರ್ಡಿಗೆ ನಾವು ನಾಲ್ಕೂ ಜನ ಏನೇನೋ ಹೇಳುತ್ತಿದ್ದಾಗ ಅವಳು ಈರುಳ್ಳಿ ಹೆಚ್ಚುತ್ತಲೇ "ಆ ಉಪ್ಪಿನ ಮರುಭೂಮೀಲಿ ಜಾಝ್ ಎಲ್ಲಿಂದ ಬರುತ್ತೆ, ಬೇರೆ ಊರಿಂದ ಬಂದ ತಂಡ ಇರಬೇಕು, ನ್ಯೂ ಆರ್ಲಿಯನ್ಸ್?" ಅಂದಳು. ಸರಿ! 1979ರಲ್ಲಿ ತಂಡ ಊರು ಬಿಟ್ಟಿತು, ಹೆಸರು ಬಿಡಲಿಲ್ಲ. ಕೂಡಲೇ ಅವಳೇ ಮುಂದುವರಿಸಿ "ಹಾಗಾದ್ರೆ ಲಾಸ್ ಏಂಜಲಿಸ್‌ನಲ್ಲಿ ಕೆರೆ ಎಲ್ಲಿದೆ?" ಅಂತ ಕೇಳಿದಳು. ಅದೂ ಸರಿ, ಲೇಕರ್ಸ್ 1960ರವರೆಗೆ ಇದ್ದಿದ್ದು ಕೆರೆಗಳ ನಾಡಾದ ಮಿನೆಸೋಟಾದಲ್ಲಿ. ಮೂವತ್ತು ವರ್ಷದಿಂದ ಆಟ ನೋಡುತ್ತಿರೋ ಭಾವನಿಗೆ ಇದು ಹೊಳೆದಿರಲಿಲ್ಲ. ಅವರು ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಮಂಡಕ್ಕಿಗೆ ಉಪ್ಪು ಕಮ್ಮಿ ಅಂದರು ಅಷ್ಟೇ.

ಭಾವ ಮೈಕೆಲ್ ಜೋರ್ಡನ್ ಕಾಲದವರು. ತೊಂಬತ್ತರ ದಶಕದ ಯಾವ ಕಾರ್ಡ್ ಬಂದರೂ ಕಣ್ಣು ಮುಚ್ಚಿ ಹೇಳುತ್ತಾರೆ. 1984ರ ಡ್ರಾಫ್ಟ್‌ನಲ್ಲಿ ಹೂಸ್ಟನ್ ಒಲಾಜುವಾನ್ ಅವರನ್ನು, ಪೋರ್ಟ್‌ಲ್ಯಾಂಡ್ ಸ್ಯಾಮ್ ಬೋವಿ ಅವರನ್ನು ತೆಗೆದುಕೊಂಡ ಮೇಲೆ ಮೂರನೆಯವರಾಗಿ ಜೋರ್ಡನ್ ಶಿಕಾಗೋಗೆ ಸಿಕ್ಕರು ಅನ್ನೋದನ್ನು ತಮ್ಮ ಮದುವೆ ಮಾತುಕತೆಯ ಹಾಗೆ ವಿವರಿಸುತ್ತಾರೆ. ಆದರೆ ಅವರನ್ನು ಕೆಡವಿದ್ದು ಒಂದು ಹಳದಿ ಕಾರ್ಡ್: ಜೋರ್ಡನ್‌ಗಿಂತ ಒಂದು ಚಾಂಪಿಯನ್‌ಶಿಪ್ ಉಂಗುರ ಜಾಸ್ತಿ ಇರೋ ರಾಬರ್ಟ್ ಹಾರಿ ತಮ್ಮ ಉಂಗುರಗಳನ್ನು ಯಾವ ಮೂರು ತಂಡಗಳಲ್ಲಿ ಗೆದ್ದರು? ಜೋರ್ಡನ್‌ಗೆ 6, ಹಾರಿಗೆ 7. ರಾಕೆಟ್ಸ್, ಲೇಕರ್ಸ್, ಸ್ಪರ್ಸ್. "ಅವನು ಬೆಂಚಿನಿಂದ ಬಂದವನು ಕಣೋ!" ಅಂತ ಭಾವ ಕೂಗಿದರು. ಉಂಗುರಕ್ಕೆ ಅದೆಲ್ಲ ಗೊತ್ತಾಗುತ್ತಾ?

ಅಕ್ಕನ ಮಗ ಇದಕ್ಕೆ ಉಲ್ಟಾ. 2015ರ ಈಚೆಗೆ ಎಲ್ಲ ಗೊತ್ತು. ಈಗಿನ ದೊಡ್ಡ ಆಟಗಾರ ಯೋಕಿಚ್ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು ಅನ್ನೋದೂ ಗೊತ್ತು. ಕರೀಮ್ ಅಬ್ದುಲ್ ಜಬ್ಬಾರ್ ಅಂದರೆ ಮಾತ್ರ "ಯಾರೋ ಹಳೆಬರು". ಅವನಿಗೆ ಅಂತಲೇ ಒಂದು ಕಾರ್ಡ್ ಬಂತು: ಕರೀಮ್ ಜೀವಮಾನದಲ್ಲಿ ಹಾಕಿದ ತ್ರೀ ಪಾಯಿಂಟರ್ ಎಷ್ಟು? ಹುಡುಗ 400 ಅಂದ. ಉತ್ತರ 1. ಒಂದೇ ಒಂದು. ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ ಬಂದಿದ್ದೇ 1979ರಲ್ಲಿ, ಕರೀಮ್ ಆಗಲೇ ಹತ್ತು ವರ್ಷ ಆಡಿದ್ದರು, ಆಮೇಲೂ ಅತ್ತ ತಿರುಗಿ ನೋಡಲಿಲ್ಲ. ಒಬ್ಬ ಮನುಷ್ಯ ದೂರದಿಂದ ಎಸೆಯದೇ 38,387 ಪಾಯಿಂಟ್ ಮಾಡಿದ ಅಂದ್ರೆ ವಾರಿಯರ್ಸ್‌ನ ಸ್ಟೆಫ್ ಕರಿ ದೂರದಿಂದಲೇ ಹೊಡೆಯೋದನ್ನು ನೋಡಿ ಬೆಳೆದ ಹುಡುಗರಿಗೆ ನಂಬೋಕೇ ಆಗಲ್ಲ.

ಈಗ ಹಳಸಿದ ಉತ್ತರಗಳ ವಿಷಯ. "ಎನ್‌ಬಿಎಯಲ್ಲಿ ಅತಿ ಹೆಚ್ಚು ಪಾಯಿಂಟ್ ಯಾರದು?" ಅಂತ ಕಾರ್ಡ್. ಉತ್ತರ ಕರೀಮ್. ಅಯ್ಯಾ, 2023ರ ಫೆಬ್ರವರಿ 7ರಂದೇ ಲೆಬ್ರಾನ್ ಜೇಮ್ಸ್ ಅದನ್ನು ದಾಟಿದ್ದಾಯ್ತು! ಅದಾದರೂ ಹೋಗಲಿ. "ಅತಿ ಹೆಚ್ಚು ತ್ರೀ ಪಾಯಿಂಟರ್ ಯಾರದು?" ಅಂದರೆ ರೇ ಆಲನ್, 2,973 ಅಂತ ಇದೆ. ಬೇ ಏರಿಯಾದಲ್ಲಿ ಕೂತು, ಸ್ಟೆಫ್ ಕರಿ ಪೋಸ್ಟರ್ ಕೆಳಗೆ, ಈ ಉತ್ತರ ಗಟ್ಟಿಯಾಗಿ ಓದೋದು ಅಂದ್ರೆ ಹಬ್ಬದ ಮನೆಯಲ್ಲಿ ಕೆಮ್ಮಿದ ಹಾಗೆ. 2021ರ ಡಿಸೆಂಬರ್ 14ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕರಿ ಆ ದಾಖಲೆ ಮುರಿದಾಗ ಆಲನ್ ಅವರೇ ಅಲ್ಲಿ ಕೂತು ನೋಡಿದರು, ಎದ್ದು ಬಂದು ಅಪ್ಪಿಕೊಂಡರು. ಅಂದರೆ ಈ ಕಾರ್ಡುಗಳು ಅದಕ್ಕೂ ಮೊದಲಿನವು. ಡಬ್ಬಿ ಮೇಲೆ ಅಚ್ಚಾದ ವರ್ಷ ಎಲ್ಲೂ ಹಾಕಿಲ್ಲ. ಹಾಲಿನ ಪ್ಯಾಕೆಟ್ ಮೇಲೆ ತಾರೀಖು ನೋಡಿ ತಗೋತೀವಿ, ಇದಕ್ಕೂ ಹಾಕಬಾರದಾ? ಅಂಗಡಿಗೆ ಬರೆದು ಕೇಳಿದೆ, "ಉತ್ಪನ್ನದ ಬಗ್ಗೆ ನಿಮ್ಮ ಆಸಕ್ತಿಗೆ ಧನ್ಯವಾದ" ಅನ್ನೋ ಧಾಟಿಯ ಉತ್ತರ ಬಂತು.

ಹೆಂಗಸರ ಆಟದ ಬಗ್ಗೆ 300ರಲ್ಲಿ ಆರೇ ಆರು ಕಾರ್ಡ್. ಡಬ್ಲ್ಯುಎನ್‌ಬಿಎ 1997ರಲ್ಲೇ ಶುರುವಾಗಿದೆ. ಮೊದಲ ನಾಲ್ಕು ವರ್ಷದ ಕಪ್ಪನ್ನೂ ಹೂಸ್ಟನ್ ಕಾಮೆಟ್ಸ್ ಒಂದೇ ತಂಡ ಗೆದ್ದಿತು, ಆಮೇಲೆ ಆ ತಂಡವೇ ಮುಚ್ಚಿಹೋಯಿತು. ಇದಕ್ಕಿಂತ ಒಳ್ಳೆ ಕಪ್ಪು ಕಾರ್ಡ್ ಬೇಕಾ? ಅದು ಡಬ್ಬಿಯಲ್ಲಿಲ್ಲ.

ನಮ್ಮವರ ಬಗ್ಗೆಯಂತೂ ಸೊನ್ನೆ. ಅದನ್ನು ನಿರೀಕ್ಷೆ ಮಾಡಿರಲಿಲ್ಲ ಬಿಡಿ, ಅಮೆರಿಕದವರಿಗೆ ಅಂತ ಮಾಡಿದ್ದು. ಆದರೂ 2015ರಲ್ಲಿ ಡಲ್ಲಾಸ್ 52ನೆಯವರಾಗಿ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್, ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಕೊಂಡ ಮುಂಬೈ ಮೂಲದ ವಿವೇಕ್ ರಣದಿವೆ, 2019ರ ಅಕ್ಟೋಬರಿನಲ್ಲಿ ಅದೇ ಕಿಂಗ್ಸ್ ಮುಂಬೈಗೆ ಹೋಗಿ ಇಂಡಿಯಾನಾ ಪೇಸರ್ಸ್ ಎದುರು 132-131ರಿಂದ ಓವರ್‌ಟೈಮ್‌ನಲ್ಲಿ ಸೋತಿದ್ದು, ಇದೆಲ್ಲ ನಾವೇ ಖಾಲಿ ಕಾಗದದಲ್ಲಿ ಕತ್ತರಿಸಿ ಕಾರ್ಡ್ ಮಾಡಿ ಸೇರಿಸಿದೆವು. ಆ ಪಂದ್ಯದ ಹೊತ್ತಿಗೆ ಗೆಳೆಯ ರಜೆ ಹಾಕಿ ಊರಿಗೆ ಹೋಗಿದ್ದ, ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಾ ಫೋನಲ್ಲಿ ನೋಡಿದನಂತೆ. ಮುಂಬೈಗೆ ಯಾಕೆ ಹೋಗಲಿಲ್ಲ ಅಂತ ಕೇಳಿದರೆ ಇನ್ನೂ ಸಿಟ್ಟು ಬರುತ್ತದೆ ಅವನಿಗೆ.

ಇನ್ನೊಂದೇ ಒಂದು ಕಾರ್ಡಿನ ಬಗ್ಗೆ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಇದನ್ನು ಓದಿದ ಮೇಲೆ ಭಾವ ನಿದ್ದೆ ಮಾಡಲಿಲ್ಲ. 1976ರಲ್ಲಿ ಎಬಿಎ ಅನ್ನೋ ಎದುರಾಳಿ ಲೀಗ್ ಮುಚ್ಚಿದಾಗ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದವು: ನೆಟ್ಸ್, ನಗೆಟ್ಸ್, ಪೇಸರ್ಸ್, ಸ್ಪರ್ಸ್. ಜಾಗ ಸಿಗದ ಸೇಂಟ್ ಲೂಯಿಸ್ ತಂಡದ ಮಾಲೀಕರು ಸಿಲ್ನಾ ಅಣ್ಣತಮ್ಮಂದಿರು. ಅವರು ಒಂದಿಷ್ಟು ಪರಿಹಾರದ ಜೊತೆಗೆ ಆ ನಾಲ್ಕೂ ತಂಡಗಳ ಟಿವಿ ಹಣದಲ್ಲಿ ಏಳರಲ್ಲಿ ಒಂದು ಪಾಲು ಕೇಳಿದರು. ಎಷ್ಟು ವರ್ಷಕ್ಕೆ? ಲೀಗ್ ಇರೋವರೆಗೂ. ಆಗ ಟಿವಿ ಹಣ ಅಂದರೆ ಜುಜುಬಿ, ಹಾಗಾಗಿ ಎಲ್ಲರೂ ಸಹಿ ಹಾಕಿದರು. ತಂಡವೇ ಇಲ್ಲ, ಆಟಗಾರರಿಲ್ಲ, ಒಂದು ಚೆಂಡು ಕೂಡ ಇಲ್ಲ, ಆದರೆ ದಶಕಗಟ್ಟಲೆ ಚೆಕ್ ಬರುತ್ತಲೇ ಇತ್ತು. ಕೊನೆಗೆ 2014ರಲ್ಲಿ ಒಪ್ಪಂದ ಬಹುಪಾಲು ಬಿಡಿಸಿಕೊಳ್ಳೋಕೆ ಲೀಗ್ 50 ಕೋಟಿ ಡಾಲರ್ ಕೊಡಬೇಕಾಯಿತು. ಭಾವ ಲೆಕ್ಕಪತ್ರದ ಕೆಲಸದವರು. ಈಗ ಆಫೀಸಿನಲ್ಲಿ ಯಾವ ಕಾಗದಕ್ಕೂ ಮೂರು ಸಲ ಓದದೆ ಸಹಿ ಹಾಕಲ್ಲ ಅಂತಿದ್ದಾರೆ.

ಒಟ್ಟಾರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಗದಕ್ಕೆ ಅರ್ಧ, ಹಳೆ ಉತ್ತರಕ್ಕೆ ಒಂದು ಕಳೆದೆ. ನಾಲ್ಕೈದು ಜನ ಇದ್ದು, ಅದರಲ್ಲಿ ಬೇರೆ ಬೇರೆ ವಯಸ್ಸಿನವರಿದ್ದರೆ ತಗೊಳ್ಳಿ. ಇಬ್ಬರೇ ಆಡೋಕೆ ಬೇಡ, ಇಪ್ಪತ್ತು ನಿಮಿಷಕ್ಕೆ ಬೋರ್ ಆಗುತ್ತದೆ. ಕೊಂಡ ದಿನವೇ ಒಮ್ಮೆ ಎಲ್ಲ ಕಾರ್ಡ್ ತಿರುಗಿಸಿ "ಅತಿ ಹೆಚ್ಚು" ಅಂತ ಇರೋದನ್ನೆಲ್ಲ ಪಕ್ಕಕ್ಕಿಟ್ಟು ಫೋನಲ್ಲಿ ತಾಳೆ ನೋಡಿಕೊಳ್ಳಿ.

ನಾವು ಅದನ್ನು ಹೋದ ಶನಿವಾರ ಮಾಡಿದೆವು. ಅಕ್ಕನ ಮಗ ರೇ ಆಲನ್ ಹೆಸರನ್ನು ಪೆನ್ನಿನಲ್ಲಿ ನೀಟಾಗಿ ಹೊಡೆದು ಕೆಳಗೆ ಸ್ಟೆಫ್ ಕರಿ ಅಂತ ದಪ್ಪಕ್ಷರದಲ್ಲಿ ಬರೆದ. ಸಂಖ್ಯೆ ಬರೆಯುವಾಗ ಕೈ ನಿಂತಿತು. "ಮಾಮ, ಇದಕ್ಕೆ ಪೆನ್ಸಿಲ್ ಕೊಡಿ, ಅವರಿನ್ನೂ ಆಡ್ತಿದ್ದಾರಲ್ಲ" ಅಂದ.